ಸಿಂಗಪುರದಿಂದ ನ್ಯೂಯಾರ್ಕ್‌ಗೆ: ನೇರ ವಿಮಾನನಾ, ಫ್ರಾಂಕ್‌ಫರ್ಟ್ ದಾರಿನಾ?

ಎರಡೂ ದಾರೀಲಿ ಒಂದೊಂದು ಸಲ ಹೋಗಿದೀನಿ, ಅದಕ್ಕೇ ಬರೀತಿದೀನಿ. ಸಿಂಗಪುರದ ಚಾಂಗಿ ಏರ್‌ಪೋರ್ಟ್‌ನಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ಏರ್‌ಪೋರ್ಟ್‌ಗೆ ನೇರ ದೂರ 15,300 ಕಿ.ಮೀ. ಚಿಲ್ಲರೆ. ಫ್ರಾಂಕ್‌ಫರ್ಟ್ ಮೇಲೆ ಹೋದ್ರೆ ಅಲ್ಲೀತನಕ 10,200 ಚಿಲ್ಲರೆ, ಅಲ್ಲಿಂದ ಮುಂದಕ್ಕೆ ಸುಮಾರು 6,200, ಒಟ್ಟು 16,500 ಹತ್ತಿರ. ಬರೀ ಸಾವಿರ ಚಿಲ್ಲರೆ ಕಿಲೋಮೀಟರ್ ಜಾಸ್ತಿ ಆಯ್ತು, ವಿಮಾನಕ್ಕೆ ಒಂದೂವರೆ ಗಂಟೆ ಕೆಲಸ, ಅಷ್ಟಕ್ಕೆ ಯಾಕೆ ದುಡ್ಡು ಸುರೀಬೇಕು ಅಂತ ಮೊದಲ ಸಲ ಫ್ರಾಂಕ್‌ಫರ್ಟ್ ದಾರೀನೇ ಹಿಡಿದೆ. ಆ ಲೆಕ್ಕ ಪೂರ್ತಿ ತಪ್ಪು.

ಮಧ್ಯರಾತ್ರಿ ಹತ್ತಿದ್ದು, 13 ಗಂಟೆ ಆದ್ಮೇಲೆ ಫ್ರಾಂಕ್‌ಫರ್ಟ್. ಅದೇ ಫ್ಲೈಟ್ ನಂಬರ್ರೇ ಮುಂದಕ್ಕೂ ಹೋಗೋದು, ಆದ್ರೂ ಎಲ್ಲಾರೂ ಕೈಚೀಲ ಎತ್ಕೊಂಡು ಇಳೀಬೇಕು, ಮತ್ತೆ ಸೆಕ್ಯುರಿಟಿ, ಮತ್ತೆ ಬೆಲ್ಟು ಲ್ಯಾಪ್‌ಟಾಪು ತೆಗೆಯೋದು, ಅಲ್ಲೇ ಎರಡು ಗಂಟೆ ಹೋಯ್ತು. ಆಮೇಲೆ ಅಟ್ಲಾಂಟಿಕ್ ಮೇಲೆ ಪಶ್ಚಿಮಕ್ಕೆ ಹೋಗೋವಾಗ ಗಾಳಿ ಎದುರಿಗೇ ಬೀಸುತ್ತೆ, ಹಾಗಾಗಿ 6,200 ಕಿ.ಮೀ.ಗೆ ಎಂಟೂವರೆ ಗಂಟೆ ಹಿಡೀತು. ಒಟ್ಟು 24 ಗಂಟೆಗೆ ಒಂಚೂರು ಕಮ್ಮಿ.

ನೇರ ವಿಮಾನ ಹದಿನೆಂಟೂವರೆ ಗಂಟೆ. ಇಲ್ಲಿ ನಂಗೆ ಆಶ್ಚರ್ಯ ಆಗಿದ್ದು ದಾರಿ. ಎರಡೂ ಊರು ಭೂಮಿಯ ಹೆಚ್ಚುಕಮ್ಮಿ ಎದುರುಬದುರು ರೇಖಾಂಶದಲ್ಲಿವೆ, ಹಾಗಾಗಿ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಹತ್ತಿರದಿಂದ್ಲೇ ಹೋಗುತ್ತೆ. ಆದ್ರೆ ನಮ್ಮ ವಿಮಾನ ಅತ್ತ ಹೋಗ್ಲೇ ಇಲ್ಲ, ಜಪಾನ್ ಪಕ್ಕದಿಂದ ಪೆಸಿಫಿಕ್‌ಗೆ ಹೊರಳ್ತು. ಸೀಟಿನ ಮುಂದಿನ ಮ್ಯಾಪ್ ನೋಡ್ತಾನೇ ಕೂತಿದ್ದೆ, ಹಿಂದಿಂದ ಗಂಟೆಗೆ 180 ಕಿ.ಮೀ. ಗಾಳಿ, ನಮ್ಮ ವೇಗ 1,080 ತೋರಿಸ್ತಿತ್ತು! ಸುತ್ತು ದಾರಿ ಸೇರಿ ಓಡಿದ ದೂರ ಫ್ರಾಂಕ್‌ಫರ್ಟ್ ದಾರಿಯಷ್ಟೇ ಆಗಿರ್ಬೇಕು, ಆದ್ರೂ ಐದು ಗಂಟೆ ಉಳೀತು. ಮಧ್ಯಾಹ್ನ ಹೊರಟು ಅದೇ ತಾರೀಖಿನ ಸಂಜೆ ಇಳಿದೆ.

ದುಡ್ಡಿನ ವಿಷ್ಯಕ್ಕೆ ಬಂದ್ರೆ ನೇರ ವಿಮಾನದಲ್ಲಿ ಎಕಾನಮಿ ಕ್ಲಾಸೇ ಇಲ್ಲ. ಏರ್‌ಬಸ್‌ನ ಎ350-900ಯುಎಲ್‌ಆರ್ ಅನ್ನೋ, ತುಂಬಾ ದೂರ ಹಾರೋಕೇ ಮಾಡಿರೋ ಆ ಮಾದರಿಗೆ 1,65,000 ಲೀಟರ್ ಇಂಧನ ಹಿಡಿಯುತ್ತೆ, ಅಷ್ಟು ಭಾರ ಹೊತ್ಮೇಲೆ ಜನ ಕಮ್ಮಿ ಇರ್ಲೇಬೇಕು, ಹಾಗಾಗಿ ಒಟ್ಟು 161 ಸೀಟು, ಪ್ರೀಮಿಯಂ ಎಕಾನಮಿ ಮತ್ತೆ ಬಿಸಿನೆಸ್ ಅಷ್ಟೇ. ಫ್ರಾಂಕ್‌ಫರ್ಟ್ ದಾರೀಲಿ ಎಕಾನಮಿ ಸಿಗುತ್ತೆ, ತುಂಬಾ ಅಗ್ಗ.

ನೇರ ವಿಮಾನದಲ್ಲಿ ಹದಿನಾಲ್ಕನೇ ಗಂಟೆ ಆದ್ಮೇಲೆ ಕಾಲು ಊದಿ ಶೂ ಹಾಕ್ಕೊಳೋಕೇ ಆಗ್ಲಿಲ್ಲ, ಇದನ್ನ ಹೇಳ್ಲೇಬೇಕು. ಫ್ರಾಂಕ್‌ಫರ್ಟ್‌ನಲ್ಲಿ ಆ ಎರಡು ಗಂಟೆ ಓಡಾಡಿದ್ದಕ್ಕೆ ಆ ತೊಂದ್ರೆ ಬರ್ಲಿಲ್ಲ. ಒಬ್ಬಳೇ ಕೆಲಸಕ್ಕೆ ಹೋಗೋದಾದ್ರೆ ನಾನು ಕಣ್ಣುಮುಚ್ಚಿ ನೇರ ವಿಮಾನ ಬುಕ್ ಮಾಡ್ತೀನಿ. ಮುಂದಿನ ಸಲ ಅಮ್ಮ ಜೊತೆಗಿರ್ತಾರೆ, ಅವರಿಗೆ ಮಂಡಿನೋವು, ಅದಕ್ಕೆ ಫ್ರಾಂಕ್‌ಫರ್ಟ್ ಟಿಕೆಟ್ಟೇ ತಗೊಂಡಿದೀನಿ.