ಪದವಿನ ಮೇಲೊಂದು ರನ್‌ವೇ: ಸಿಮ್ಯುಲೇಟರಿನ ಮೂರು ಮಂಗಳೂರುಗಳು

ಒಂದೇ ಕಂಪ್ಯೂಟರ್, ಒಂದೇ 737-800 ವಿಮಾನ, ಇಳಿಯಬೇಕಾದದ್ದೂ ನೈರುತ್ಯದತ್ತ ಮುಖ ಮಾಡಿದ ಒಂದೇ ರನ್‌ವೇ 24. ಬದಲಾದದ್ದು ನೆಲ ಮಾತ್ರ. ಕಳೆದ ಎರಡು ತಿಂಗಳಲ್ಲಿ, ಮನೆಯ ಕಂಪ್ಯೂಟರಿನಲ್ಲೇ ವಿಮಾನ ಹಾರಿಸಿದ ಅನುಭವ ಕೊಡುವ ಸಿಮ್ಯುಲೇಟರಿನಲ್ಲಿ, ಮಂಗಳೂರು ವಿಮಾನ ನಿಲ್ದಾಣದ ಮೂರು ರೂಪಗಳಲ್ಲಿ ತಲಾ ಇಪ್ಪತ್ತು ಬಾರಿ ಇಳಿದಿದ್ದೇನೆ. ಸಿಮ್ಯುಲೇಟರಿನ ಜೊತೆಗೇ ಬರುವುದು ಮೊದಲನೆಯದು. ಹವ್ಯಾಸಿಯೊಬ್ಬರು ಮಾಡಿ ಉಚಿತವಾಗಿ ಹಂಚಿದ್ದು ಎರಡನೆಯದು. ಮೂರನೆಯದಕ್ಕೆ ಹಣ ಕೊಟ್ಟಿದ್ದೇನೆ.

ಈ ನಿಲ್ದಾಣದ ಗುಣವೆಲ್ಲ ಅದು ಕೂತ ಜಾಗದಲ್ಲಿದೆ. ಚಪ್ಪಟೆ ನೆತ್ತಿಯ ಮುರಕಲ್ಲಿನ ಗುಡ್ಡವನ್ನು ದಕ್ಷಿಣ ಕನ್ನಡದವರು ಪದವು ಎನ್ನುತ್ತಾರೆ, ವಿಮಾನಯಾನದವರು ಟೇಬಲ್‌ಟಾಪ್ ಎನ್ನುತ್ತಾರೆ. ಬಜ್ಪೆ, ಕೆಂಜಾರಿನ ಅಂತಹ ಗುಡ್ಡದ ನೆತ್ತಿಯ ಮೇಲೆ 2,450 ಮೀಟರ್ ಉದ್ದದ ರನ್‌ವೇ ಮಲಗಿದೆ. ಅದು ಮುಗಿದ ಸ್ವಲ್ಪದರಲ್ಲೇ ನೆಲ ಕಮರಿಗೆ ಇಳಿಯುತ್ತದೆ. ಆದ್ದರಿಂದ ಮೂರರಲ್ಲೂ ನಾನು ಮೊದಲು ನೋಡಿದ್ದು ಆ ಅಂಚನ್ನು.

ಜೊತೆಗೇ ಬಂದ ರೂಪದಲ್ಲಿ ರನ್‌ವೇಯ ಉದ್ದ ಸರಿ, ದಿಕ್ಕು ಸರಿ, ಇಳಿಯುವ ವಿಮಾನಕ್ಕೆ ರೇಡಿಯೋ ಮೂಲಕ ದಾರಿ ತೋರಿಸುವ ಐಎಲ್‌ಎಸ್ ಸಂಕೇತವೂ 24ಕ್ಕೆ ಸಿಗುತ್ತದೆ. ಗುಡ್ಡವೇ ಇಲ್ಲ. ಒಮ್ಮೆ ಬೇಕೆಂದೇ ತಡವಾಗಿ ನೆಲ ಮುಟ್ಟಿಸಿ ರನ್‌ವೇ ದಾಟಿಸಿದೆ. ವಿಮಾನ ಹಸಿರು ಇಳಿಜಾರಿನಲ್ಲಿ ಮೆಲ್ಲಗೆ ಜಾರಿ, ಮೈದಾನದಲ್ಲಿ ನಿಂತಂತೆ ನಿಂತಿತು. ಇದಕ್ಕೆ ಕಾರಣ ಎತ್ತರದ ಮಾಹಿತಿಯಲ್ಲಿದೆ ಎಂದು ನನ್ನ ಎಣಿಕೆ. ಹಲವು ಸಿಮ್ಯುಲೇಟರುಗಳ ನೆಲಕ್ಕೆ ಆಧಾರವಾಗಿರುವುದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರಿನಿಂದ ಮಾಡಿದ ಅಳತೆ. ಈ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ. ಅಂದರೆ ಗುಡ್ಡವನ್ನು ಕಡಿದು, ತಗ್ಗನ್ನು ತುಂಬಿ ಸಮ ಮಾಡಿದ ನೆಲ ಆ ಅಳತೆಯಲ್ಲಿ ಇರಲು ಸಾಧ್ಯವೇ ಇಲ್ಲ. ಅದೂ ಅಲ್ಲದೆ ಮೂವತ್ತು ಮೀಟರಿಗೆ ಒಂದು ಬಿಂದುವಿನಂತೆ ಅಳೆದಾಗ ಕಡಿದಾದ ಅಂಚುಗಳು ಸವೆದು ನುಣ್ಣಗಾಗುತ್ತವೆ.

ಇದನ್ನು ಸಣ್ಣ ಲೋಪವೆಂದು ಬಿಡಲು ನನ್ನಿಂದಾಗದು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ 737-800 ವಿಮಾನ ಇದೇ 24ರಲ್ಲಿ, ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ಮುಂದೆ ನೆಲ ಮುಟ್ಟಿತು. ಮುಂದೆ ಉಳಿದಿದ್ದದ್ದು ಸುಮಾರು 2,800 ಅಡಿ. ವಿಮಾನ ಕೊನೆಯನ್ನು ದಾಟಿ, ರನ್‌ವೇಯ ನಡುಗೆರೆಯನ್ನು ತೋರಿಸುವ ಐಎಲ್‌ಎಸ್‌ನ ಲೋಕಲೈಸರ್ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿದು, ಕಮರಿಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಜನ ಸತ್ತರು. ಆ ಕಮರಿಯ ಜಾಗದಲ್ಲಿ ಹುಲ್ಲುಗಾವಲು ತೋರಿಸುವ ನೆಲದ ಮೇಲೆ ಅಭ್ಯಾಸ ಮಾಡಿದರೆ, ತಡವಾಗಿ ಇಳಿದರೂ ನಡೆಯುತ್ತದೆ ಎಂಬ ಪಾಠವೇ ಕೈಗೆ ಅಂಟಿಕೊಳ್ಳುತ್ತದೆ.

ಉಚಿತ ರೂಪದ ಟರ್ಮಿನಲ್ ಒಂದು ಡಬ್ಬಿ, ಅದಕ್ಕೆ ಅಂಟಿಸಿದ ಮಸುಕಾದ ಫೋಟೋ. ವಾಹನಗಳಿಲ್ಲ, ಜನರಿಲ್ಲ. ಆದರೆ ಇದನ್ನು ಮಾಡಿದವರು ತಮ್ಮ ಶ್ರಮವನ್ನೆಲ್ಲ ನೆಲಕ್ಕೇ ಸುರಿದಿದ್ದಾರೆ. ಪದವಿನ ಅಂಚನ್ನು ಹೊಸದಾಗಿ ಬರೆದಿದ್ದಾರೆ, ಕಡಿದ ಬದಿಗಳಲ್ಲಿ ಮುರಕಲ್ಲಿನ ಕೆಂಪು ಕಾಣಿಸುತ್ತದೆ, ನೈರುತ್ಯದ ತುದಿಯಲ್ಲಿ ಕಮರಿ ನಿಜವಾಗಿಯೂ ಬಾಯಿ ತೆರೆದಿದೆ. ಇದರ ಫಲ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯಿತು. ರೇಡಿಯೋ ಆಲ್ಟಿಮೀಟರ್ ಅಳೆಯುವುದು ವಿಮಾನದ ನೇರ ಕೆಳಗಿರುವ ನೆಲದಿಂದ ಎತ್ತರವನ್ನು. ಕಣಿವೆಯ ಮೇಲಿದ್ದಾಗ ಅದು ದೊಡ್ಡ ಅಂಕಿಯನ್ನೇ ತೋರಿಸುತ್ತಿರುತ್ತದೆ, ಪದವಿನ ಅಂಚು ಕೆಳಗೆ ಬಂದ ಕ್ಷಣ ಅಂಕಿ ಥಟ್ಟನೆ ಕುಸಿಯುತ್ತದೆ. ಮೊದಲ ರೂಪದಲ್ಲಿ ಈ ಎತ್ತರವನ್ನು ಕೂಗಿ ಹೇಳುವ ಕಾಕ್‌ಪಿಟ್ಟಿನ ಧ್ವನಿ ಮೆಟ್ಟಿಲಿಳಿದಂತೆ ಒಂದೇ ಸಮನೆ ಎಣಿಸುತ್ತಿತ್ತು, ಇಲ್ಲಿ ಎಣಿಕೆ ಒಮ್ಮೆಲೇ ಜಿಗಿಯಿತು. ಮೊದಲ ಸಲ ನಾನು ಬೆಚ್ಚಿ ಮೂಗನ್ನು ಮೇಲೆತ್ತಿಬಿಟ್ಟೆ. ಕಣ್ಣಿನ ಭ್ರಮೆ ಇನ್ನೊಂದು ಬಗೆಯದು: ಕೆಳಗಿನ ನೆಲ ಅಷ್ಟು ಆಳದಲ್ಲಿರುವುದರಿಂದ ತೀರಾ ಎತ್ತರದಲ್ಲಿದ್ದೇನೆಂದು ಅನ್ನಿಸಿ, ಕೈ ತಾನಾಗಿ ವಿಮಾನವನ್ನು ಇಳಿಸಲು ಹೋಗುತ್ತದೆ. ಟೇಬಲ್‌ಟಾಪ್ ಎಂದರೇನೆಂದು ನನಗೆ ಮನವರಿಕೆಯಾದದ್ದು ಈ ಉಚಿತ ನೆಲದ ಮೇಲೆ.

ದೋಷಗಳೂ ಇವೆ. ಇಳಿಯುವ ಕೋನ ಸರಿಯಿದೆಯೇ ಎಂದು ಪೈಲಟ್‌ಗೆ ತೋರಿಸುವ, ರನ್‌ವೇ ಪಕ್ಕದ ಪಿಎಪಿಐ ದೀಪಗಳು ಸರಿಯಾದ ಇಳಿಜಾರಿನಲ್ಲಿ ಎರಡು ಬಿಳಿ, ಎರಡು ಕೆಂಪು ತೋರಿಸಬೇಕು. ಐಎಲ್‌ಎಸ್ ಮುಳ್ಳು ನಟ್ಟನಡುವೆ ಇದ್ದಾಗಲೂ ಇಲ್ಲಿ ಮೂರು ಕೆಂಪು ಕಾಣಿಸುತ್ತಿದ್ದವು. ಕಡತವನ್ನು ತೆರೆದು ನೋಡಿದೆ, ಕೋನ 3 ಡಿಗ್ರಿಯ ಬದಲು 3.5 ಎಂದಿತ್ತು. ಒಂದೇ ಅಂಕಿ ತಿದ್ದಿದೆ, ಸರಿಹೋಯಿತು. ರನ್‌ವೇಯ ಬಣ್ಣವೂ ಹಳೆಯದು. 2023ರಲ್ಲಿ ಕಾಂಕ್ರೀಟಿನ ಮೇಲೆ ಡಾಂಬರು ಹಾಸಲಾಯಿತು, ಇಲ್ಲಿ ಇನ್ನೂ ಬೂದುಬಿಳಿ ಕಾಂಕ್ರೀಟೇ ಇದೆ.

ಹಣ ಕೊಟ್ಟ ರೂಪದಲ್ಲಿ ಡಾಂಬರು ಕಪ್ಪಾಗಿದೆ, ಚಕ್ರಗಳ ರಬ್ಬರಿನ ಗುರುತೂ ಇದೆ. ಟರ್ಮಿನಲ್ಲಿನ ಗಾಜಿನ ಹಿಂದೆ ಕುರ್ಚಿಗಳು ಕಾಣಿಸುತ್ತವೆ. ಸುತ್ತಲಿನ ಮನೆಗಳಿಗೆ ಮಂಗಳೂರು ಹೆಂಚು, ಮನೆಗಳ ನಡುವೆ ತೆಂಗು, ಕಂಗು. ಮಳೆಯ ದೃಶ್ಯದಲ್ಲಿ ನಿಲುಗಡೆಯ ಅಂಗಳ ಒದ್ದೆಯಾಗಿ ಹೊಳೆಯುವುದನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಇಷ್ಟು ಕುಸುರಿಗೆ ಕಂಪ್ಯೂಟರ್ ಏದುಸಿರು ಬಿಡುತ್ತದೆ: ಉಚಿತ ರೂಪದಲ್ಲಿ ಸೆಕೆಂಡಿಗೆ 48 ಚಿತ್ರ ಸಿಗುತ್ತಿದ್ದಲ್ಲಿ ಇಲ್ಲಿ ಸಿಕ್ಕಿದ್ದು 31.

ಅಂಚಿನ ಕಡೆ ಹೋದರೆ ಮಾತ್ರ ನಿರಾಸೆ. ಗುಡ್ಡವನ್ನು ಚಾಕುವಿನಿಂದ ಕತ್ತರಿಸಿದಂತೆ ನೆಟ್ಟಗೆ ನಿಲ್ಲಿಸಿದ್ದಾರೆ. ಉಪಗ್ರಹ ಚಿತ್ರ ಆ ಗೋಡೆಯ ಮೇಲೆ ಎಳೆದ ಬಟ್ಟೆಯಂತೆ ಉದ್ದುದ್ದವಾಗಿ ಹಿಗ್ಗಿದೆ, ನೈರುತ್ಯದ ಕಮರಿ ಅರ್ಧ ತುಂಬಿಹೋಗಿದೆ. ತಯಾರಕರಿಗೆ ಬರೆದೆ. ಮುಂದಿನ ಆವೃತ್ತಿಯಲ್ಲಿ ನೋಡುತ್ತೇವೆ ಎಂಬ ಉತ್ತರ ಬಂತು. ಕುರ್ಚಿಗೆ ಕೊಟ್ಟ ಗಮನ ಕಮರಿಗೂ ಸಿಗಬೇಕಿತ್ತು.

ರಾತ್ರಿಯ ಹಾರಾಟದಲ್ಲಿ ಮೂರಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಪಣಂಬೂರಿನ ಬಂದರಿನ ದೀಪಗಳು ಹಣ ಕೊಟ್ಟ ರೂಪದಲ್ಲಿ ಒಂದಿಷ್ಟು ದಟ್ಟವಾಗಿವೆ, ಅಷ್ಟೇ.

ಇಳಿಯುವ ಅಭ್ಯಾಸಕ್ಕೆ ನನ್ನ ಆಯ್ಕೆ ಉಚಿತ ರೂಪ, ಎರಡನೆಯ ಯೋಚನೆಯೇ ಇಲ್ಲ. ಫೋಟೋ ತೆಗೆಯುವವರಿಗೆ ಮತ್ತು ಗೇಟಿನಿಂದ ಗೇಟಿಗೆ ಪೂರ್ತಿ ಪ್ರಯಾಣ ಮಾಡುವವರಿಗೆ ಹಣ ಕೊಟ್ಟದ್ದು ಹಿಡಿಸುತ್ತದೆ. ಎರಡನ್ನೂ ಕೂಡಿಸಲು ನೋಡಿದೆ. ಉಚಿತ ರೂಪದ ನೆಲದ ಕಡತವನ್ನು ಆದ್ಯತೆಯ ಪಟ್ಟಿಯಲ್ಲಿ ಮೇಲಕ್ಕೆ ತಂದಾಗ ಕಮರಿ ಮರಳಿ ಬಂತು, ಆದರೆ ಟರ್ಮಿನಲ್ಲಿನ ಒಂದು ಮೂಲೆ ನೆಲದಿಂದ ಅರ್ಧ ಮೀಟರ್ ಮೇಲೆ ತೇಲತೊಡಗಿತು. ಅದನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. 24ರ ಕಡೆಗೆ ಇಳಿಯುವಾಗ ಆ ಮೂಲೆ ಕಣ್ಣಿಗೆ ಬೀಳುವುದಿಲ್ಲ.