ರೈಜೆನ್ 5 5600: ಸಣ್ಣ ಬಜೆಟ್ಟಿಗೆ ಗಟ್ಟಿ ಆಯ್ಕೆ, ಗ್ರಾಫಿಕ್ಸ್ ಕಾರ್ಡ್ ಸರಿಯಿದ್ದರೆ

ಕಡಿಮೆ ದುಡ್ಡಲ್ಲಿ ಆಟ, ಲೈವ್ ಸ್ಟ್ರೀಮ್ ಎರಡೂ ಆಗಬೇಕೆಂದರೆ ಈ ಪ್ರೊಸೆಸರ್ ಈಗಲೂ ಕೈಬಿಡುವುದಿಲ್ಲ. 6 ಕೋರ್, 12 ಥ್ರೆಡ್, 65 ವ್ಯಾಟ್. ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು.

ಎಡವುವುದು ಇಲ್ಲೇ. ಅಗ್ಗವೆಂದು ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ತಗೊಳ್ಳಬೇಡಿ: ಸ್ಟ್ರೀಮಿಗಾಗಿ ವಿಡಿಯೊ ಕುಗ್ಗಿಸುವ ಎನ್‌ಕೋಡರ್ ಅದರಲ್ಲಿ ಇಲ್ಲವೇ ಇಲ್ಲ. ಸ್ಟ್ರೀಮಿನ ಇಡೀ ಹೊರೆ ಪ್ರೊಸೆಸರ್ ಮೇಲೆ ಬಿದ್ದು ಆಟ ತಡವರಿಸುತ್ತದೆ. 8 ಜಿಬಿಯ ಆರ್‌ಟಿಎಕ್ಸ್ 3050 ಹಾಕಿ. ಸ್ಟ್ರೀಮ್ ಮಾಡುವ ತಂತ್ರಾಂಶ ಒಬಿಎಸ್‌ನಲ್ಲಿ ಎನ್‌ವೆಂಕ್ (ಈ ಕಾರ್ಡಿನ ಎನ್‌ಕೋಡರ್) ಆರಿಸಿ, ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) 6000 ಕೆಬಿಪಿಎಸ್, ಕೀಫ್ರೇಮ್ (ಪೂರ್ತಿ ಚಿತ್ರ ಕಳಿಸುವ ಅಂತರ) 2 ಸೆಕೆಂಡ್ ಇಡಿ.

ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ. 8ರ ಎರಡನ್ನು, 3200 ವೇಗದವು, ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಕೂರಿಸಿ, ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಎಕ್ಸ್‌ಎಂಪಿ ಆನ್ ಮಾಡಿ, ಆಗಲೇ ರ‍್ಯಾಮ್ ಆ ವೇಗದಲ್ಲಿ ಓಡುವುದು. ಹಳೆ ಬಿ450 ಮದರ್‌ಬೋರ್ಡಾದರೆ ಮೊದಲು ಬಯಾಸ್ ಅಪ್‌ಡೇಟ್ ಮಾಡಿಸಿ. ಇಲ್ಲವಾದರೆ ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಉಳಿಯಬಹುದು.