ಮ್ಯಾಕ್ರೋ ಓದೋಕೆ ದಪ್ಪ ಪುಸ್ತಕನಾ, ಪಿಯು ಪುಸ್ತಕನಾ, ಸ್ತ್ರೀವಾದಿ ಜೆರಾಕ್ಸಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಸ್ತ್ರೀವಾದಿ ಅರ್ಥಶಾಸ್ತ್ರದ ಬರಹಗಳ ಜೆರಾಕ್ಸ್ ಕಟ್ಟಿಗೆ. ಎಂಎ ಕಟ್ಟಿದೀನಿ, ಒಂದು ಪೇಪರ್ ಮ್ಯಾಕ್ರೋ ಪರಿಚಯ (ಇಡೀ ದೇಶದ ಆದಾಯ, ಉದ್ಯೋಗ, ಬೆಲೆ ನೋಡೋ ಅರ್ಥಶಾಸ್ತ್ರ), ಇನ್ನೊಂದು ಜಾಗತಿಕ ನ್ಯಾಯದ ಬಗ್ಗೆ ಸ್ತ್ರೀವಾದಿ ನೋಟ. ದಾವಣಗೆರೇಲಿ ಬಟ್ಟೆ ಅಂಗಡೀಲಿ ಲೆಕ್ಕ ಬರೆಯೋಳು ನಾನು, ಓದೋದೇನಿದ್ರೂ ರಾತ್ರಿ ಪಾತ್ರೆ ತೊಳೆದಾದ ಮೇಲೆ. ಹಂಗಾಗಿ ಯಾವ್ದು ನಿದ್ದೆ ತರಿಸಲ್ವೋ ಅದೇ ಒಳ್ಳೇ ಪುಸ್ತಕ.

ದಪ್ಪ ಇಂಗ್ಲಿಷ್ ಪುಸ್ತಕ ಅಮೆರಿಕದವರು ಬರೆದಿದ್ದು. ಗ್ರಾಫ್ ಚೆನ್ನಾಗಿವೆ, ಆದ್ರೆ ಫೆಡ್ (ಅಮೆರಿಕದ ಕೇಂದ್ರ ಬ್ಯಾಂಕು) ಬಡ್ಡಿ ಬಿಟ್ರೆ ಬೇರೆ ಮಾತಿಲ್ಲ, ನಮ್ಮ ರಿಸರ್ವ್ ಬ್ಯಾಂಕಿನ ರೆಪೋ ರೇಟು (ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿ), ಸಿಆರ್‌ಆರ್ (ಬ್ಯಾಂಕುಗಳು ಅಲ್ಲಿ ಇಡಲೇಬೇಕಾದ ನಗದು ಪಾಲು) ಎಲ್ಲಾ ನಾವೇ ಬೇರೆ ಕಡೆ ಹುಡುಕಬೇಕು.

ಸೆಕೆಂಡ್ ಪಿಯು ಪುಸ್ತಕ ಪರವಾಗಿಲ್ಲ. ಕನ್ನಡದಲ್ಲಿದೆ, ಪಿಡಿಎಫ್ ಫ್ರೀ. ಗುಣಕ ಅಂದ್ರೇನು ಅಂತ ನಂಗೆ ಹೊಳೆದಿದ್ದು ಇದ್ರಲ್ಲೇ: ಜನ ಹೆಚ್ಚಿಗೆ ಬಂದ ಪ್ರತಿ ರೂಪಾಯೀಲಿ 80 ಪೈಸೆ ಖರ್ಚು ಮಾಡ್ತಾರೆ ಅಂದ್ರೆ ಹೊಸದಾಗಿ ಹಾಕಿದ 100 ರೂಪಾಯಿ ಬಂಡವಾಳ ಸುತ್ತಿ ಸುತ್ತಿ 500 ರೂಪಾಯಿ ಆದಾಯ ಆಗುತ್ತೆ.

ಆದ್ರೆ ನಾನು ಸಿಕ್ಕಾಕೊಂಡಿದ್ದು ಜಿಡಿಪಿ ಪಾಠದಲ್ಲಿ, ಅಂದ್ರೆ ದೇಶದೊಳಗೆ ಒಂದು ವರ್ಷದಲ್ಲಿ ತಯಾರಾದ ವಸ್ತು, ಸೇವೆಗಳ ಒಟ್ಟು ಬೆಲೆಯ ಲೆಕ್ಕ. ಮನೇಲಿ ಹೆಂಗಸರು ಮಾಡೋ ಕೆಲಸಕ್ಕೆ ಯಾರೂ ದುಡ್ಡು ಕೊಡಲ್ಲ, ಅದಕ್ಕೇ ಲೆಕ್ಕಕ್ಕೆ ಬರಲ್ಲ ಅನ್ನೋ ಅರ್ಥದಲ್ಲಿ ಒಂದೆರಡು ಸಾಲು, ಮುಗೀತು. ಸರಿ, ದುಡ್ಡು ಕೈ ಬದಲಾಗಬೇಕು ಅನ್ನೋದೇ ರೂಲ್ಸ್ ಆದ್ರೆ ಸ್ವಂತ ಮನೇಲಿರೋರು ತಮಗೆ ತಾವೇ ಬಾಡಿಗೆ ಕೊಟ್ಟಂಗೆ ಅಂದಾಜು ಹಾಕಿ ಅದನ್ನ ಮಾತ್ರ ಯಾಕೆ ಜಿಡಿಪಿಗೆ ಸೇರಿಸ್ತಾರೆ? ಗೋಡೆಗೆ ಬಾಡಿಗೆ ಕಟ್ಟೋಕೆ ಬರುತ್ತೆ, ಗೋಡೆ ಒಳಗೆ ದುಡಿಯೋರಿಗೆ ಬರಲ್ವಾ? ಕೋಚಿಂಗಲ್ಲಿ ಕೇಳಿದ್ರೆ ಸರ್ ನಕ್ಕು "ಎಕ್ಸಾಮಿಗೆ ಬರಲ್ಲಮ್ಮ" ಅಂದ್ರು.

ಉತ್ತರ ಸಿಕ್ಕಿದ್ದು ಜೆರಾಕ್ಸಲ್ಲಿ. ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕದ ನಿಯಮದಲ್ಲಿ ಒಂದು ಗೆರೆ ಎಳೆದಿದಾರೆ: ಮನೆ ಬಳಕೆಗೆ ಅಂತ ವಸ್ತು ಮಾಡ್ಕೊಂಡ್ರೆ ಉತ್ಪಾದನೆ, ಸಂಬಳ ಇಲ್ದೆ ಮನೆಯವರಿಗೆ ಸೇವೆ ಮಾಡಿದ್ರೆ ಅಲ್ಲ, ಸ್ವಂತ ಮನೆ ಬಾಡಿಗೆ ಮಾತ್ರ ಇದಕ್ಕೆ ಅಪವಾದ. ನಮ್ಮತ್ತೆ ಎಮ್ಮೆ ಹಾಲು ಹೆಪ್ಪಾಕಿ ಬೆಣ್ಣೆ ಕಡೀತಾರಲ್ಲ, ಅದು ನಿಯಮದ ಪ್ರಕಾರ ಉತ್ಪಾದನೆ. ಅದೇ ಬೆಣ್ಣೆ ಹಾಕಿ ನಮಗೆ ದೋಸೆ ಹುಯ್ದು ಕೊಟ್ರೆ ಸೊನ್ನೆ. ಹೋಟೆಲಿನವನು ಅದೇ ಬೆಣ್ಣೆ ದೋಸೆ ಮಾರಿದ್ರೆ ಮತ್ತೆ ಜಿಡಿಪಿ. ಇದನ್ನ ಅತ್ತೆಗೆ ಹೇಳಿದ್ದಕ್ಕೆ "ಹಂಗಾರೆ ನಾಳೆಯಿಂದ ಬೆಣ್ಣೆ ಅಷ್ಟೇ ಕಡೀತೀನಿ ಬಿಡವ್ವ, ದೋಸೆ ಆ ಲೆಕ್ಕದೋರೇ ಹುಯ್ಕೊಳ್ಲಿ" ಅಂದ್ರು. ಗೆರೆ ಯಾಕಪ್ಪಾ ಅಂದ್ರೆ ಮನೆಗೆಲಸಕ್ಕೆ ಮಾರುಕಟ್ಟೆ ಬೆಲೆ ಇಲ್ಲ, ಜೊತೆಗೆ ಇದನ್ನೂ ಸೇರಿಸಿದ್ರೆ ಹೆಚ್ಚುಕಮ್ಮಿ ಎಲ್ಲಾ ದೊಡ್ಡೋರೂ ಉದ್ಯೋಗಸ್ಥರೇ ಆಗ್ಬಿಡ್ತಾರೆ, ನಿರುದ್ಯೋಗದ ಅಂಕಿಗೆ ಅರ್ಥ ಉಳಿಯಲ್ಲ ಅಂತೆ. ನ್ಯೂಜಿಲೆಂಡಲ್ಲಿ ಎಂಪಿ ಆಗಿದ್ದ ಮ್ಯಾರಿಲಿನ್ ವೇರಿಂಗ್ 1988ರಲ್ಲೇ ಈ ಲೆಕ್ಕವನ್ನ ಜಾಲಾಡಿದಾರೆ. ನಮ್ಮ ಸರ್ಕಾರದ್ದೇ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಮಾಡೋ ಗಂಡಸರು 97 ನಿಮಿಷ ಹಾಕ್ತಾರೆ. ಆ ಕೆಲಸಕ್ಕೆ ಕೈ ಹಾಕೋ ಗಂಡಸರೇ ನೂರಕ್ಕೆ 26 ಜನ ಅನ್ನೋದು ಬೇರೆ ಮಾತು.

ಜೆರಾಕ್ಸಲ್ಲಿ ಇನ್ನೊಂದು ಲಾಭ, ಎರಡೂ ಪೇಪರ್ ಒಟ್ಟಿಗೆ ಆಗುತ್ತೆ. ಪಿಯು ಪುಸ್ತಕದಲ್ಲಿ ಹೊರದೇಶದಿಂದ ಮನೆಗೆ ಕಳ್ಸೋ ದುಡ್ಡು ಪಾವತಿ ಶಿಲ್ಕಿನ (ದೇಶಕ್ಕೂ ಹೊರದೇಶಗಳಿಗೂ ನಡುವಿನ ದುಡ್ಡಿನ ಲೆಕ್ಕ) ಚಾಲ್ತಿ ಖಾತೇಲಿ ಒಂದು ಸಾಲು ಅಷ್ಟೇ. ಇಲ್ಲಿ ಹಾಗಲ್ಲ, ಫಿಲಿಪೀನ್ಸಿನ ಹೆಂಗಸು ಬೇರೆ ದೇಶಕ್ಕೋಗಿ ಬೇರೆಯವರ ಮಗು ಸಾಕಿ ದುಡ್ಡು ಕಳ್ಸಿದ್ರೆ ಊರಲ್ಲಿ ಅವಳ ಮಗು ನೋಡ್ಕೊಳ್ಳೋರ್ಯಾರು ಅಂತ ಕೇಳ್ತಾರೆ. 1980ರ ದಶಕದಲ್ಲಿ ಸಾಲ ಕೊಟ್ಟ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಷರತ್ತಿಗೆ ಆಫ್ರಿಕಾ, ಲ್ಯಾಟಿನ್ ಅಮೆರಿಕದ ದೇಶಗಳು ಆರೋಗ್ಯದ ಖರ್ಚು ಕಡಿದಾಗ ರೋಗಿ ನೋಡ್ಕೊಳ್ಳೋ ಕೆಲಸ ಮನೆ ಹೆಂಗಸರ ತಲೆಗೆ ಬಂತು, ಲೆಕ್ಕದ ಪುಸ್ತಕದಲ್ಲಿ ಮಾತ್ರ ಸರ್ಕಾರ ಉಳಿತಾಯ ಮಾಡ್ತು ಅಂತ.

ಕೊರತೆ ಇಲ್ವಾ ಅಂದ್ರೆ ಇದೆ, ಜಿಡಿಪಿ, ವಿತ್ತೀಯ ಕೊರತೆ (ಆದಾಯ ಮೀರಿ ಖರ್ಚು ಮಾಡಿ ಸರ್ಕಾರ ಸಾಲ ತರಬೇಕಾದ ಮೊತ್ತ) ಗೊತ್ತಿದೆ ಅಂದ್ಕೊಂಡೇ ಬರೀತಾರೆ. ಅದಕ್ಕೇ ಪಿಯು ಪಿಡಿಎಫ್ ಫೋನಲ್ಲಿ ಪಕ್ಕಕ್ಕಿರ್ಬೇಕು. ಗೃಹಲಕ್ಷ್ಮಿ 2000 ರೂಪಾಯಿ ವರ್ಗಾವಣೆ ಪಾವತಿ (ಬದಲಿಗೆ ವಸ್ತು, ಕೆಲಸ ಏನೂ ಪಡೀದೆ ಕೊಡೋ ದುಡ್ಡು), ಜಿಡಿಪಿಗೆ ಸೇರಲ್ಲ, ಆ ದುಡ್ಡಲ್ಲಿ ಹೊಸ ಮಿಕ್ಸಿ ತಗೊಂಡ್ರೆ ಸೇರುತ್ತೆ ಅನ್ನೋದು ಪಿಯು ಪುಸ್ತಕ ಇಲ್ದೆ ನಂಗೆ ಗೊತ್ತಾಗ್ತಿರಲಿಲ್ಲ.

ನಂಗೆ ಈ ಎರಡೇ ಸಾಕು, ಖರ್ಚು ಜೆರಾಕ್ಸಿನದ್ದು ಮಾತ್ರ. ಬರೀ ಗ್ರಾಫು, ಗಣಿತ ಬೇಕು, ಇಂಗ್ಲಿಷ್ ಸಲೀಸು ಅನ್ನೋರಿಗೆ ದಪ್ಪ ಪುಸ್ತಕ ಆಗ್ಬಹುದು, ನಂದು ಅರ್ಧ ಬೆಲೆಗೆ ಕೊಡ್ತೀನಿ, ಒಂದೂ ಅಂಡರ್‌ಲೈನ್ ಇಲ್ಲ.